ಕೀಳಿಸುವುದೋ, ಉಳಿಸಿಕೊಳ್ಳುವುದೋ? ಹಲ್ಲಿನ ತೊಂದರೆಗೆ ಇರುವ ದಾರಿಗಳ ಲೆಕ್ಕ

ಹೋದ ಗೌರಿ ಹಬ್ಬದ ದಿನ ನಿಪ್ಪಟ್ಟು ಕಚ್ಚಿದಾಗ ಬಾಯಲ್ಲಿ ಎರಡು ಸಲ ಕಟ್ ಎಂದಿತು. ಮೊದಲನೆಯದು ನಿಪ್ಪಟ್ಟಿನದು. ಎರಡನೆಯದು ನನ್ನ ಎಡಗಡೆ ಕೆಳಗಿನ ದವಡೆ ಹಲ್ಲಿನದು. ಅಂಗೈಗೆ ಉಗಿದು ನೋಡಿದರೆ ಕಡಲೆಬೀಜದ ಚೂರುಗಳ ನಡುವೆ ಅರ್ಧ ಹಲ್ಲು, ಒಳಗೆ ತುಂಬಿದ್ದ ಸಿಮೆಂಟಿನ ಸಮೇತ. ನೋವೇನೂ ಆಗಲಿಲ್ಲ, ನರ ತೆಗೆದ ಹಲ್ಲು ಅದು. ಎರಡು ವರ್ಷದ ಹಿಂದೆ ಮೂರು ಸಲ ಹೋಗಿ ಕೂತು ರೂಟ್ ಕೆನಾಲ್ ಮಾಡಿಸಿಕೊಂಡಿದ್ದೆ. ‘ಕ್ಯಾಪ್ ಹಾಕಿಸಿಕೊಳ್ಳಿ, ತಡ ಮಾಡಬೇಡಿ’ ಎಂದು ಡಾಕ್ಟರು ಬಾಯಲ್ಲೂ ಹೇಳಿದ್ದರು, ಚೀಟಿಯಲ್ಲೂ ಬರೆದಿದ್ದರು. ಟೊಳ್ಳಾದ ಹಲ್ಲು ಸೀಳದಂತೆ ಮೇಲೆ ಕೂರಿಸುವ ಗಟ್ಟಿ ಹೊದಿಕೆ ಅದು. ನೋವು ಹೋಗಿತ್ತಲ್ಲ, ಚೀಟಿಯೂ ಎಲ್ಲೋ ಹೋಯಿತು. ಈ ಸಲ ಅವರು ಬೈಯಲಿಲ್ಲ. ಸೀಳು ವಸಡಿನ ಕೆಳಗೆ ಬೇರಿನವರೆಗೂ ಇಳಿದಿರುವುದನ್ನು ಕನ್ನಡಿಯಲ್ಲಿ ತೋರಿಸಿ, ‘ಇನ್ನು ತೆಗೆಯೋದೇ’ ಎಂದರು.

ಹೀಗೆ ಒಂದೇ ಹಲ್ಲಿಗೆ ಉಳಿಸುವ ದುಡ್ಡನ್ನೂ ಕೊಟ್ಟೆ, ಕೀಳಿಸುವ ದುಡ್ಡನ್ನೂ ಕೊಟ್ಟೆ. ಆ ಜಾಗದಲ್ಲಿ ಮತ್ತೆ ಹಲ್ಲು ಕಟ್ಟಿಸುವ ದುಡ್ಡು ಬೇರೆ. ನಾನು ಡಾಕ್ಟರಲ್ಲ. ಆದರೆ ಈ ಎರಡು ವರ್ಷದಲ್ಲಿ ನನ್ನ ಹಲ್ಲು, ಅಮ್ಮನ ಸೆಟ್ಟು, ಅತ್ತಿಗೆಯ ವಸಡು, ಮಗನ ಹುಳುಕು ಎಂದು ನಾಲ್ಕು ಬಾಯಿಗಳ ಹಿಂದೆ ಓಡಾಡಿದ್ದೇನೆ. ಆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುವಾಗ ‘ಉಳಿಸೋಣವಾ, ತೆಗೆಸ್ತೀರಾ?’ ಎಂದು ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಮನೆಯಲ್ಲೇ ಕೂತು ಯೋಚಿಸಿಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೋವಿನ ಬಗೆ ನೋಡಿದರೆ ಅರ್ಧ ತೀರ್ಮಾನ

ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್. ಅದರಲ್ಲಿ ನರವಿಲ್ಲ, ಹಾಗಾಗಿ ಹುಳುಕು ಅಲ್ಲಿರುವವರೆಗೆ ನಮಗೆ ಸುದ್ದಿಯೇ ಮುಟ್ಟುವುದಿಲ್ಲ. ಅದರ ಕೆಳಗಿನ ಡೆಂಟಿನ್ ತಲುಪಿದ ಮೇಲೆ ತಣ್ಣಗಿನದು, ಸಿಹಿಯದು ತಾಗಿದರೆ ಜುಮ್ ಎನ್ನುತ್ತದೆ. ಆ ಜುಮ್ ನಾಲ್ಕೈದು ಕ್ಷಣದಲ್ಲಿ ನಿಂತುಹೋದರೆ ಸಾಮಾನ್ಯವಾಗಿ ಫಿಲ್ಲಿಂಗ್‌ನಲ್ಲೇ ಮುಗಿಯುತ್ತದೆ. ಬಿಸಿ ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೂ ಹಲ್ಲು ಸಿಡಿಯುತ್ತಿದ್ದರೆ, ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ನೋವು ಏರಿದರೆ, ಹುಳುಕು ಒಳಗಿನ ನರದವರೆಗೆ ಹೋಗಿದೆ ಎಂದರ್ಥ. ನರ ಇರುವುದು ಸುತ್ತಲೂ ಗಟ್ಟಿ ಗೋಡೆಯಿರುವ ಸಣ್ಣ ಗೂಡಿನಲ್ಲಿ. ಅಲ್ಲಿ ಊದಿಕೊಳ್ಳಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ಹಗಲು ಸುಮ್ಮನಿದ್ದದ್ದು ರಾತ್ರಿ ಕಾಡುತ್ತದೆ. ಇಲ್ಲಿಗೆ ಬಂದ ಮೇಲೆ ಬರೀ ಸಿಮೆಂಟ್ ತುಂಬಿಸಿ ಎಂದು ಡಾಕ್ಟರನ್ನು ಒತ್ತಾಯ ಮಾಡಿ ಪ್ರಯೋಜನವಿಲ್ಲ. ರೂಟ್ ಕೆನಾಲ್ ಅಥವಾ ಕೀಳುವುದು, ಉಳಿಯುವುದು ಈ ಎರಡೇ.

ಮೂರನೆಯ ಬಗೆ ಜನ ಮೋಸ ಹೋಗುವಂಥದ್ದು. ವಾರ ಕಾಡಿದ ನೋವು ಒಂದು ಬೆಳಿಗ್ಗೆ ಇಲ್ಲವೇ ಇಲ್ಲ. ‘ಗುಣ ಆಯ್ತು’ ಎಂದುಕೊಳ್ಳುತ್ತೇವೆ. ನರ ಸತ್ತಿರುತ್ತದೆ. ಕೆಲವು ತಿಂಗಳ ನಂತರ ಅದೇ ಹಲ್ಲಿನ ಬುಡದಲ್ಲಿ ವಸಡಿನ ಮೇಲೊಂದು ಗುಳ್ಳೆ ಎದ್ದು, ಒಡೆದು ಕೀವು ಬಂದು, ಮತ್ತೆ ಏಳುತ್ತಿರುತ್ತದೆ.

ಈ ಹಂತಗಳ ನಡುವೆ ಎಲ್ಲರೂ ಹಿಡಿಯುವ ದಾರಿ ಮೆಡಿಕಲ್ ಸ್ಟೋರಿನ ಕೌಂಟರ್. ನೋವಿನ ಮಾತ್ರೆ ಒಂದು ರಾತ್ರಿ ದಾಟಿಸುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು, ಅಸ್ತಮಾ ಇರುವವರು, ಬಸುರಿಯರು ಕೇಳದೆ ನುಂಗಬಾರದು. ಆಂಟಿಬಯೋಟಿಕ್ ಕತೆ ಬೇರೆ. ಸತ್ತ ನರದ ಗೂಡಿಗೆ ರಕ್ತವೇ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ಹೋಗುವುದಾದರೂ ಹೇಗೆ? ಬಾವು, ಜ್ವರ ಇದ್ದಾಗ ಡಾಕ್ಟರು ಕೊಡುತ್ತಾರೆ. ಬರೀ ಹಲ್ಲುನೋವಿಗೆ ನಾವೇ ಮೂರು ದಿನ ನುಂಗಿ ಬಿಡುವುದು ದಂಡ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನಿಜಕ್ಕೂ ಮರಗಟ್ಟಿಸುತ್ತದೆ, ಹತ್ತಿಯಲ್ಲಿ ಒಂದು ತೊಟ್ಟು ಇಟ್ಟರೆ ಸಾಕು, ಸುರಿದುಕೊಂಡರೆ ವಸಡು ಸುಡುತ್ತದೆ. ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಪಕ್ಕ ಒತ್ತುವುದು, ತೂತಿಗೆ ಹೊಗೆಸೊಪ್ಪು ತುಂಬುವುದು ಎರಡೂ ಸುಟ್ಟ ಗಾಯವನ್ನೇ ಕೊಡುತ್ತವೆ. ಸಂತೆಯಲ್ಲಿ ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸುತ್ತೇನೆ ಎನ್ನುವವರು ಈಗಲೂ ಇದ್ದಾರೆ. ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಆಮ್ಲ ಹಲ್ಲನ್ನು ಕರಗಿಸುತ್ತದೆ, ಅದಕ್ಕೆ ಹೊಗೆ ಏನು ಮಾಡೀತು?

ಫಿಲ್ಲಿಂಗ್ ವಿಷಯ ಬೇಗ ಮುಗಿಸುತ್ತೇನೆ. ಹಲ್ಲಿನ ಬಣ್ಣದ ಕಾಂಪೋಸಿಟ್ ನೋಡಲು ಚೆನ್ನ, ಗಟ್ಟಿಯೂ ಹೌದು, ಆದರೆ ತುಂಬುವಾಗ ಎಂಜಲು ತಾಗಬಾರದು. ಗ್ಲಾಸ್ ಅಯನೋಮರ್ ಅಷ್ಟು ಗಟ್ಟಿಯಲ್ಲ, ಬೇಗ ಸವೆಯುತ್ತದೆ, ಆದರೆ ಹುಳುಕನ್ನು ತಡೆಯುವ ಫ್ಲೋರೈಡ್ ಬಿಡುತ್ತದೆ. ಹಾಲುಹಲ್ಲಿಗೆ, ವಸಡಿನ ಅಂಚಿನ ಹುಳುಕಿಗೆ ಅದು ಸಾಕು. ಪಾದರಸ ಬೆರೆತ ಬೆಳ್ಳಿ ಸಿಮೆಂಟನ್ನು ಹೊಸದಾಗಿ ಹಾಕುವುದು ಕಡಿಮೆಯಾಗಿದೆ. ಹಳೆಯದು ಬಾಯಲ್ಲಿ ಭದ್ರವಾಗಿದ್ದರೆ ಹೆದರಿ ಕೆದಕಿಸಬೇಕಾಗಿಲ್ಲ.

ರೂಟ್ ಕೆನಾಲ್ ಮತ್ತು ಇಕ್ಕಳ

ಹೆಸರು ಕೇಳಿಯೇ ಹೆದರುವವರಿಗೆ ಅಲ್ಲಿ ನಡೆಯುವುದೇನೆಂದು ಹೇಳುತ್ತೇನೆ. ಮರಗಟ್ಟಿಸುವ ಸೂಜಿ ಚುಚ್ಚುವಾಗಿನ ನೋವೇ ನೋವು. ಆಮೇಲೆ ತುಟಿ ಬೇರೆ ಯಾರದ್ದೋ ಎನಿಸುತ್ತದೆ. ಹಲ್ಲಿನ ಸುತ್ತ ಒಂದು ರಬ್ಬರ್ ಹಾಳೆ ಕಟ್ಟುತ್ತಾರೆ, ಅದರ ತೂತಿನಿಂದ ಆ ಒಂದು ಹಲ್ಲು ಮಾತ್ರ ಇಣುಕುತ್ತದೆ. ಮೇಲಿನಿಂದ ಕಿಂಡಿ ತೆಗೆದು, ಕೂದಲಿನಷ್ಟು ಸಣ್ಣ ತುದಿಯ ಫೈಲುಗಳನ್ನು, ಅಂದರೆ ಪುಟ್ಟ ಅರಗಳನ್ನು, ಬೇರಿನೊಳಗಿನ ನಾಳಕ್ಕೆ ಇಳಿಸಿ ನರವನ್ನು ಕೆರೆದು ತೆಗೆಯುತ್ತಾರೆ. ಫೈಲಿಗೆ ಸಿಕ್ಕಿಸಿದ ಪುಟ್ಟ ಯಂತ್ರವೊಂದು ಬೇರಿನ ತುದಿ ಹತ್ತಿರ ಬಂದಂತೆ ಬೀಪ್ ಬೀಪ್ ಎಂದು ಬೇಗ ಬೇಗ ಕೂಗುತ್ತದೆ, ರಿವರ್ಸ್ ತೆಗೆದುಕೊಳ್ಳುವ ಕಾರಿನ ಹಾಗೆ. ನಡುನಡುವೆ ಪಿಚಕಾರಿಯಿಂದ ದ್ರಾವಣ ಬಿಟ್ಟು ತೊಳೆಯುತ್ತಾರೆ, ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತದೆ. ಕಾಗದದ ಕಡ್ಡಿಗಳಿಂದ ಒಳಗನ್ನು ಒರೆಸಿ, ಗುಲಾಬಿ ಬಣ್ಣದ ಗಟ್ಟಾಪರ್ಚಾ ಕಡ್ಡಿ ತುಂಬಿ ಮುಚ್ಚುತ್ತಾರೆ. ಆ ಗಟ್ಟಾಪರ್ಚಾ ಮಲಯ ಕಡೆಯ ಒಂದು ಮರದ ಹಾಲಿನಿಂದ ಬಂದ ವಸ್ತು. ಎದುರುಗಡೆಯ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ದವಡೆ ಹಲ್ಲಿಗೆ ಮೂರು ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಅನೇಕರಿಗೆ ನಾಲ್ಕನೆಯ ನಾಳ ಅಡಗಿರುತ್ತದೆ. ಅದು ಕಣ್ಣಿಗೆ ಬೀಳದೆ ಉಳಿದರೆ ಮಾಡಿಸಿದ ಹಲ್ಲೇ ಮತ್ತೆ ನೋಯುತ್ತದೆ. ‘ರೂಟ್ ಕೆನಾಲ್ ಮಾಡಿಸಿದರೂ ಏನೂ ಆಗಲಿಲ್ಲ’ ಎನ್ನುವವರ ಕತೆಗಳಲ್ಲಿ ಒಂದಷ್ಟು ಇಂಥವು, ಒಂದಷ್ಟು ನನ್ನಂಥ ಕ್ಯಾಪ್ ಇಲ್ಲದವರವು. ಮೊದಲನೆಯದನ್ನು ಮತ್ತೆ ಬಿಚ್ಚಿ ಸರಿಮಾಡಬಹುದು. ಎರಡನೆಯದು ಸೀಳಿಬಿಟ್ಟರೆ ಮುಗಿಯಿತು.

ಕೀಳಿಸುವುದು ಒಂದೇ ದಿನದ ಕೆಲಸ, ಅಗ್ಗವೂ ಹೌದು. ಆ ಅಗ್ಗ ಆ ದಿನದ ಮಟ್ಟಿಗೆ ಎಂಬುದೇ ನನ್ನ ತಕರಾರು. ಒಂದು ದವಡೆ ಹಲ್ಲು ಹೋದರೆ ಹಿಂದಿನದು ಆ ಸಂದಿಗೆ ವಾಲುತ್ತದೆ, ಮೇಲಿನದು ಕಚ್ಚಲು ಜೊತೆಯಿಲ್ಲದೆ ಕೆಳಗಿಳಿಯುತ್ತದೆ, ವಾಲಿದ ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಪಕ್ಕದ ಹಲ್ಲು ಹುಳುಕಾಗುತ್ತದೆ. ಹಲ್ಲು ಕೂತಿದ್ದ ಮೂಳೆಯೂ ಕರಗುತ್ತ ಹೋಗುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಆದ್ದರಿಂದ ‘ರೂಟ್ ಕೆನಾಲ್ ಮತ್ತು ಕ್ಯಾಪ್’ ಖರ್ಚನ್ನು ‘ಕೀಳಿಸುವ’ ಖರ್ಚಿನ ಜೊತೆ ಇಟ್ಟು ನೋಡಬೇಡಿ. ‘ಕೀಳಿಸಿ ಮತ್ತೆ ಕಟ್ಟಿಸುವ’ ಖರ್ಚಿನ ಜೊತೆ ಇಟ್ಟು ನೋಡಿ.

ಹಾಗೆಂದು ಎಲ್ಲ ಹಲ್ಲನ್ನೂ ಉಳಿಸಬೇಕೆಂಬ ಹಟವೂ ಬೇಡ. ವಸಡಿನ ಮೇಲೆ ಕ್ಯಾಪ್ ಹಿಡಿದು ನಿಲ್ಲುವಷ್ಟು ಹಲ್ಲು ಉಳಿದಿಲ್ಲ ಎಂದರೆ, ಬೇರು ಸೀಳಿದ್ದರೆ, ವಸಡಿನ ಕಾಯಿಲೆಯಿಂದ ಮೂಳೆ ಹೋಗಿ ಹಲ್ಲು ನಾಲಗೆ ತಾಗಿದರೂ ಅಲ್ಲಾಡುತ್ತಿದ್ದರೆ ಕೀಳಿಸುವುದೇ ಸರಿ. ಅಡ್ಡ ಬೆಳೆದು ಪದೇ ಪದೇ ಬಾವು ತರುವ ಬುದ್ಧಿಹಲ್ಲಿಗಾಗಿಯೂ ಕಣ್ಣೀರು ಹಾಕಬೇಕಿಲ್ಲ, ಅದು ಅಗಿಯುವ ಕೆಲಸಕ್ಕೆ ಬರುವುದು ಕಡಿಮೆ. ಇನ್ನೊಂದು ಲೆಕ್ಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕ್ಯಾಪ್‌ಗೆ ದುಡ್ಡಿಲ್ಲ, ಸದ್ಯಕ್ಕೆ ಒದಗುವುದೂ ಇಲ್ಲ ಎಂದಿದ್ದರೆ ಅದನ್ನು ಶುರುವಿನಲ್ಲೇ ಡಾಕ್ಟರಿಗೆ ಹೇಳಿಬಿಡಿ. ಬರೀ ರೂಟ್ ಕೆನಾಲ್ ಮಾಡಿದ ದವಡೆ ಹಲ್ಲು ಒಳಗೆ ಟೊಳ್ಳು. ಕಿಂಡಿ ಚಿಕ್ಕದಿದ್ದ ಎದುರುಹಲ್ಲಿಗೆ ಕ್ಯಾಪ್ ಇಲ್ಲದೆಯೂ ನಡೆದೀತು, ದವಡೆ ಹಲ್ಲಿಗೆ ನಡೆಯುವುದಿಲ್ಲ. ನನ್ನದನ್ನು ನೋಡಿ ಬೇಕಾದರೆ.

ಕ್ಯಾಪ್‌ನಲ್ಲೂ ಆಯ್ಕೆ ಇದೆ. ಪೂರ್ತಿ ಲೋಹದ್ದು ಗಟ್ಟಿ, ಅಗ್ಗ, ಅದಕ್ಕಾಗಿ ಹಲ್ಲನ್ನು ಸವೆಸುವುದೂ ಕಡಿಮೆ. ನಕ್ಕರೆ ಕಾಣದ ಹಿಂದಿನ ಹಲ್ಲಿಗೆ ನಾನು ಅದನ್ನೇ ಹೇಳುವೆ. ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು ನಡುವಿನದು, ಪಿಂಗಾಣಿ ಆಗಾಗ ಚಕ್ಕೆ ಏಳುವುದುಂಟು. ಜಿರ್ಕೋನಿಯಾ ಹಲ್ಲಿನ ಬಣ್ಣದ್ದೂ ಹೌದು, ಗಟ್ಟಿಯೂ ಹೌದು, ಬೆಲೆಯೂ ಮೇಲೆ. ‘ರೂಟ್ ಕೆನಾಲ್‌ಗೆ ಇಷ್ಟು’ ಎಂದು ಹೇಳಿದಾಗ ಕ್ಯಾಪ್ ಸೇರಿದೆಯೇ, ಯಾವ ಕ್ಯಾಪ್ ಎಂದು ಅಲ್ಲೇ ಕೇಳಿ. ಎಕ್ಸ್-ರೇ ತೋರಿಸಿ ಎಂದೂ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಮ್ಮನಿಗೆ ಇನ್ನೊಂದು ಭಯವಿತ್ತು. ‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಂತೆ ಕಣೋ.’ ಹಲ್ಲಿನ ಸಂವೇದನೆ ಒಯ್ಯುವ ನರವೇ ಬೇರೆ, ನೋಟದ ನರವೇ ಬೇರೆ. ವಯಸ್ಸಾದ ಮೇಲೆ ಹಲ್ಲೂ ಹೋಗುತ್ತದೆ, ಕಣ್ಣೂ ಮಂಜಾಗುತ್ತದೆ. ಎರಡೂ ಒಂದೇ ಕಾಲಕ್ಕೆ ಬಂದದ್ದರಿಂದ ಹುಟ್ಟಿದ ನಂಬಿಕೆ ಅದು. ಹೆದರಬೇಕಾದದ್ದು ಬೇರೆಯದಕ್ಕೆ: ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಮೂಳೆ ಗಟ್ಟಿಯಾಗಲು ತೆಗೆದುಕೊಂಡ ಇಂಜೆಕ್ಷನ್ ಇದ್ದರೆ ಮುಚ್ಚಿಡಬೇಡಿ. ನೀವೇ ಮಾತ್ರೆ ನಿಲ್ಲಿಸಿಕೊಂಡೂ ಹೋಗಬೇಡಿ, ಹೃದಯದ ಡಾಕ್ಟರನ್ನು ಕೇಳಿ. ಕಿತ್ತ ಮೇಲೆ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಬೇಕು. ಆ ದಿನ ಪದೇ ಪದೇ ಉಗುಳುವುದು, ಸ್ಟ್ರಾದಲ್ಲಿ ಎಳನೀರು ಎಳೆಯುವುದು, ಬೀಡಿ ಸಿಗರೇಟು ಕೂಡದು. ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎರಡು ಮೂರು ದಿನ ಕಳೆದ ಮೇಲೆ ಕಿವಿಯವರೆಗೆ ಸೆಳೆಯುವ ನೋವು ಶುರುವಾಗುತ್ತದೆ, ಅದು ಮೊದಲಿನ ಹಲ್ಲುನೋವಿಗಿಂತ ಕೆಟ್ಟದ್ದು.

ಖಾಲಿ ಜಾಗಕ್ಕೆ ಏನು?

ಬಿಟ್ಟುಬಿಡುವುದೂ ಒಂದು ಆಯ್ಕೆ. ಕಟ್ಟಕಡೆಯ ದವಡೆ ಹಲ್ಲು, ಅದರ ಎದುರಿಗೂ ಹಲ್ಲಿಲ್ಲ ಎಂದರೆ ಸುಮ್ಮನಿದ್ದುಬಿಡಬಹುದು.

ತೆಗೆದು ಹಾಕುವ ಹಲ್ಲು ಎಲ್ಲಕ್ಕಿಂತ ಅಗ್ಗ, ಪಕ್ಕದ ಹಲ್ಲುಗಳನ್ನು ಹೆಚ್ಚು ಮುಟ್ಟುವುದಿಲ್ಲ. ಒಂದೇ ಹಲ್ಲಿಗೆ ಅದು ಕಿರಿಕಿರಿ. ಅನೇಕರು ನಾಲ್ಕು ದಿನ ಹಾಕಿ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಬ್ರಿಡ್ಜ್ ಅಂದರೆ ಎರಡು ಪಕ್ಕದ ಹಲ್ಲನ್ನು ಸವೆಸಿ, ಮೂರು ಹಲ್ಲಿನ ಒಂದೇ ತುಂಡನ್ನು ಅವುಗಳ ಮೇಲೆ ಕೂರಿಸುವುದು. ಎರಡು ಮೂರು ವಾರದಲ್ಲಿ ಮುಗಿಯುತ್ತದೆ, ಆಪರೇಷನ್ ಇಲ್ಲ. ಪಕ್ಕದ ಎರಡಕ್ಕೂ ಮೊದಲೇ ಕ್ಯಾಪ್ ಬೇಕಿದ್ದರೆ ಬ್ರಿಡ್ಜ್‌ಗಿಂತ ಒಳ್ಳೆಯದಿಲ್ಲ. ಅವೆರಡೂ ಅಖಂಡವಾಗಿದ್ದರೆ ಸತ್ತ ಹಲ್ಲಿಗಾಗಿ ಬದುಕಿರುವ ಎರಡನ್ನು ಸವೆಸಬೇಕಲ್ಲ ಎಂದು ಮನಸ್ಸು ಹಿಂಜರಿಯುತ್ತದೆ.

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರಾನೆಮಾರ್ಕ್ ಮೊಲದ ಮೂಳೆಯೊಳಗೆ ಇಟ್ಟ ಟೈಟಾನಿಯಂ ಬಿಡಿಸಲಾಗದಂತೆ ಬೆಸೆದುಕೊಂಡದ್ದನ್ನು ಗಮನಿಸಿ, 1965ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಹಾಕಿದರು. ಪಕ್ಕದ ಹಲ್ಲಿಗೆ ತೊಂದರೆ ಕೊಡದ ದಾರಿ ಇದೊಂದೇ. ಬೆಲೆ ಎಲ್ಲಕ್ಕಿಂತ ಹೆಚ್ಚು, ಮೂಳೆ ಬೆಸೆದುಕೊಳ್ಳಲು ಮೂರರಿಂದ ಆರು ತಿಂಗಳು ಕಾಯಬೇಕು. ಧೂಮಪಾನಿಗಳಿಗೆ, ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಅದು ಹಿಡಿಯದೆ ಹೋಗುವ ಅಪಾಯ ಹೆಚ್ಚು. ‘ಲೈಫ್‌ಟೈಮ್’ ಎಂಬ ಜಾಹೀರಾತನ್ನು ಅರ್ಧ ಕಿವಿಯಲ್ಲಿ ಕೇಳಿ. ತಿರುಪಿಗೆ ಹುಳುಕು ಹಿಡಿಯುವುದಿಲ್ಲ ನಿಜ, ಅದರ ಸುತ್ತಲಿನ ವಸಡಿಗೆ ಕಾಯಿಲೆ ಬರುತ್ತದೆ.

ಅಮ್ಮನದು ಪೂರ್ತಿ ಸೆಟ್ಟು. ಮೇಲಿನದು ಅಂಗುಳಕ್ಕೆ ಕಚ್ಚಿಕೊಂಡು ನಿಂತಿತು, ಕೆಳಗಿನದು ಎರಡು ತಿಂಗಳು ಮಾತಿನ ನಡುವೆ ಎದ್ದು ಕುಣಿಯಿತು. ಎಲ್ಲರಿಗೂ ಹಾಗೇ ಆಗುತ್ತದೆ, ಕೆಳಗೆ ಹಿಡಿತಕ್ಕೆ ಜಾಗ ಕಡಿಮೆ, ನಾಲಗೆ ಬೇರೆ ತಳ್ಳುತ್ತದೆ. ಮೊದಲ ವಾರವೇ ಚಕ್ಕುಲಿಗೆ ಕೈ ಹಾಕಬಾರದು. ‘ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಕಡಲೆ ತಂದ್ಕೊಟ್ರೆ ಬಾಯಲ್ಲಿ ಪ್ಲಾಸ್ಟಿಕ್ಕು’ ಎಂದು ಅಮ್ಮ ಗಾದೆಯನ್ನೇ ತಿರುಗಿಸಿ ಹೇಳಿದರು. ರಾತ್ರಿ ತೆಗೆದು ನೀರಿನಲ್ಲಿಡಬೇಕು, ಬಿಸಿನೀರಿನಲ್ಲಲ್ಲ, ಅದರ ಆಕಾರ ಕೆಡುತ್ತದೆ. ಪೇಸ್ಟ್ ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ, ಸಾಬೂನು ನೀರು ಸಾಕು. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಪೂರ್ತಿ ಸೆಟ್ಟನ್ನು ಉಚಿತವಾಗಿ ಕೊಡುವ ‘ದಂತ ಭಾಗ್ಯ’ ಯೋಜನೆ ನಮ್ಮ ರಾಜ್ಯದಲ್ಲಿ ಬಂದಿದೆ. ವಯಸ್ಸಿನ ಮಿತಿ ಎಷ್ಟು, ಯಾವ ಕಾಲೇಜಿಗೆ ಹೋಗಬೇಕು ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ವಸಡಿನಲ್ಲಿ ರಕ್ತ: ಪೇಸ್ಟ್ ಬದಲಿಸುವುದೋ, ಕ್ಲೀನಿಂಗೋ?

ಅತ್ತಿಗೆ ಒಂದು ವರ್ಷದಲ್ಲಿ ನಾಲ್ಕು ಪೇಸ್ಟ್ ಬದಲಿಸಿದರು. ಉಜ್ಜಿದರೆ ರಕ್ತ ಬರುತ್ತದೆಂದು ಆ ಕಡೆ ಉಜ್ಜುವುದನ್ನೇ ಬಿಟ್ಟರು. ತಪ್ಪಾದದ್ದು ಅಲ್ಲೇ. ಬೆಳಿಗ್ಗೆ ಎದ್ದು ಹಲ್ಲಿನ ಬುಡವನ್ನು ಉಗುರಿನಿಂದ ಕೆರೆದರೆ ಬಿಳಿಯ, ಮೆತ್ತನೆಯ ಪದಾರ್ಥ ಬರುತ್ತದಲ್ಲ, ಅದು ಪಾಚಿ. ಮೆತ್ತಗಿರುವಾಗ ಬ್ರಷ್ಷಿಗೆ ಬರುತ್ತದೆ. ಬಿಟ್ಟರೆ ಎಂಜಲಿನ ಸುಣ್ಣದ ಅಂಶ ಸೇರಿ ಕಲ್ಲಾಗುತ್ತದೆ, ಆಮೇಲೆ ಯಾವ ಪೇಸ್ಟಿಗೂ ಬಗ್ಗುವುದಿಲ್ಲ. ಕ್ಲೀನಿಂಗ್ ಮಾಡಿಸಲೇಬೇಕು.

‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ, ಸಂದಿ ಬೀಳುತ್ತೆ’ ಎನ್ನುತ್ತಾರೆ. ಆ ಕಲ್ಲು ಮೂಳೆಯನ್ನು ಆಗಲೇ ತಿಂದಿರುತ್ತದೆ, ಸಡಿಲವನ್ನೂ ಸಂದಿಯನ್ನೂ ತಾನೇ ಮುಚ್ಚಿಟ್ಟುಕೊಂಡಿರುತ್ತದೆ. ಕಲ್ಲು ತೆಗೆದಾಗ ಅವು ಕಾಣುತ್ತವೆ. ಕೆಲವು ದಿನ ತಣ್ಣೀರಿಗೆ ಜುಮ್ ಎನ್ನುವುದು ಮಾತ್ರ ನಿಜ, ಕಡಿಮೆಯಾಗುತ್ತದೆ. ಪೊಟ್ಯಾಷಿಯಂ ನೈಟ್ರೇಟ್ ಇರುವ ಸೆನ್ಸಿಟಿವಿಟಿ ಪೇಸ್ಟ್ ಆಗ ಬಳಸಬಹುದು, ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಔಷಧಿ. ಡಾಕ್ಟರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದೆರಡು ವಾರ, ಪೇಸ್ಟ್ ಬಳಸಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಸಕ್ಕರೆ ಕಾಯಿಲೆ ಇರುವವರು ವಸಡನ್ನು ಕಡೆಗಣಿಸಲೇಬಾರದು: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದಿಲ್ಲ.

ದಿನಾ ಕೈಗೆ ಏನು ತೆಗೆದುಕೊಳ್ಳಬೇಕು

ಬೇವಿನ ಕಡ್ಡಿಯನ್ನು ಚೆನ್ನಾಗಿ ಅಗಿದು ನಾರು ಬಿಡಿಸಿ ಉಜ್ಜುವವರ ಎದುರುಹಲ್ಲು ಫಳಫಳ ಎನ್ನುತ್ತದೆ. ನಮ್ಮ ಅಜ್ಜನವರದೂ ಹಾಗೇ ಇತ್ತು. ಆದರೆ ದವಡೆಯ ಒಳಮೈಗೆ, ನಾಲಗೆಯ ಕಡೆಗೆ ಕಡ್ಡಿ ತಿರುಗುವುದಿಲ್ಲ. ಕಲ್ಲು ಹೆಚ್ಚು ಕಟ್ಟುವುದು ಅಲ್ಲೇ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಲ್ಲನ್ನು ಬೆಳ್ಳಗೆ ಮಾಡುವುದು ತೊಳೆದಲ್ಲ, ತೇಯ್ದು. ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹೊಸ ಡಬ್ಬಿಯಲ್ಲಿ ಬರುವ ಇದ್ದಿಲು ಪೇಸ್ಟಿಗೂ ನನ್ನ ಮತ ಅದೇ. ಹಲ್ಲುಪುಡಿಯಲ್ಲಿ, ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ನಮ್ಮ ದೇಶದಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ. ಆದರೂ ಉತ್ತರ ಕರ್ನಾಟಕದ ಕಡೆ ಮನೆಯಲ್ಲೇ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಹೆಂಗಸರಿದ್ದಾರೆ. ಅದು ಹಲ್ಲುಪುಡಿಯಲ್ಲ, ಚಟ.

ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಬಾಯಲ್ಲಿ ತುಂಬಿಕೊಂಡು ಮುಕ್ಕಳಿಸುವುದು ಇಷ್ಟವಿದ್ದರೆ ಮಾಡಿ, ಕೆಡುಕಿಲ್ಲ. ಬ್ರಷ್ಷಿನ ಬದಲಿಗೆ ಎಂದರೆ ಒಪ್ಪುವುದಿಲ್ಲ.

ನನ್ನ ಆಯ್ಕೆ: ಮೃದು ಎಳೆಯ, ತಲೆ ಚಿಕ್ಕದಿರುವ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ರಾತ್ರಿ ಮಲಗುವ ಮುಂಚಿನ ಎರಡು ನಿಮಿಷ. ಬೆಳಿಗ್ಗೆಯದ್ದನ್ನು ಹೇಗೂ ಯಾರೂ ಬಿಡುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ, ಆಮ್ಲವನ್ನು ತೊಳೆಯುವವರಿಲ್ಲ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣದಾಗಿ ಅಲುಗಿಸಬೇಕು. ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ಎಳೆದರೆ ಹಲ್ಲಿನ ಬುಡದಲ್ಲಿ ಕೊಡಲಿ ಏಟಿನಂಥ ಗುರುತು ಬೀಳುತ್ತದೆ. ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ಮನಿರಿ. ಹತ್ತು ಸಲ ಮುಕ್ಕಳಿಸಿದರೆ ಫ್ಲೋರೈಡೂ ಬಚ್ಚಲಿಗೆ ಹೋಗುತ್ತದೆ. ಪೇಸ್ಟಿನ ಟ್ಯೂಬಿನ ಮೇಲೆ ಅದು ಎಷ್ಟಿದೆ ಎಂದು ಬರೆದಿರುತ್ತದೆ, ನಮ್ಮಲ್ಲಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ, ಮೀರುವಂತಿಲ್ಲ. ಲವಂಗ, ಉಪ್ಪು, ಬೇವು ಎಂಬ ದೊಡ್ಡಕ್ಷರಕ್ಕಿಂತ ಈ ಸಣ್ಣಕ್ಷರ ಮುಖ್ಯ.

‘ನಮ್ಮೂರ ನೀರಲ್ಲೇ ಫ್ಲೋರೈಡ್ ಇದೆ, ಪೇಸ್ಟಲ್ಲೂ ಯಾಕೆ?’ ಎಂದು ಅತ್ತಿಗೆ ಕೇಳಿದ್ದುಂಟು. ಅವರ ತವರು ಪಾವಗಡ, ಹಲ್ಲಿನ ಮೇಲೆ ಕಂದು ಪಟ್ಟೆ. ನ್ಯಾಯವಾದ ಪ್ರಶ್ನೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಅದನ್ನು ಮೀರಿದ ನೀರು ಬರುತ್ತದೆ. ಆದರೆ ಆ ಪಟ್ಟೆ ಬೀಳುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಹೆಚ್ಚು ಕಡಿಮೆ ಎಂಟು ವರ್ಷದೊಳಗೆ, ನುಂಗಿದ ಫ್ಲೋರೈಡಿನಿಂದ. ದೊಡ್ಡವರು ಉಜ್ಜಿ ಉಗುಳುವ ಪೇಸ್ಟಿನಿಂದಲ್ಲ. ಹಾಗಾಗಿ ಅಂಥ ಊರಲ್ಲಿ ಮೊದಲು ಬದಲಿಸಬೇಕಾದದ್ದು ಮಕ್ಕಳು ಕುಡಿಯುವ ನೀರನ್ನು. ಆರ್‌ಒ ಘಟಕ ಫ್ಲೋರೈಡನ್ನು ತೆಗೆಯುತ್ತದೆ, ಕುದಿಸಿದರೆ ಹೋಗುವುದಿಲ್ಲ. ಮಕ್ಕಳಿಗೆ ಪೇಸ್ಟ್ ಅಳತೆ ಮೀರದಿರಲಿ: ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಬೇಕು.

ಮಕ್ಕಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಮಗನಿಗೆ ಏಳು ವರ್ಷ, ಹಿಂದಿನ ಒಂದು ಹಲ್ಲಿನಲ್ಲಿ ಕಪ್ಪು ಚುಕ್ಕೆ. ‘ಹಾಲುಹಲ್ಲು, ಬೀಳುತ್ತೆ ಬಿಡು’ ಎಂದುಕೊಂಡೆ. ಅದು ಹಾಲುಹಲ್ಲಲ್ಲ. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಸದ್ದಿಲ್ಲದೆ ಹುಟ್ಟುವ ಶಾಶ್ವತ ಹಲ್ಲು ಅದು, ಬದುಕಿರುವವರೆಗೆ ಅಗಿಯಬೇಕಾದದ್ದು. ಪುಣ್ಯಕ್ಕೆ ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಿತು. ಅದೇ ಬಗೆಯ ಉಳಿದ ಮೂರು ಶಾಶ್ವತ ದವಡೆ ಹಲ್ಲಿಗೆ ಸೀಲೆಂಟ್ ಹಾಕಿಸಿದೆವು. ಅಗಿಯುವ ಮೇಲ್ಮೈಯ ಗೀರುಗಳನ್ನು ಮುಚ್ಚುವ ತೆಳು ಲೇಪ ಅದು, ಸೂಜಿಯಿಲ್ಲ, ನೋವಿಲ್ಲ. ಫಿಲ್ಲಿಂಗ್‌ಗೆ ಕೂರಲೊಲ್ಲದ ಪುಟ್ಟ ಮಕ್ಕಳ ಹಾಲುಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿ ಹುಳುಕನ್ನು ತಡೆಯುವ ದಾರಿಯೂ ಇದೆ. ಹುಳುಕಿನ ಜಾಗ ಕರ್ರಗಾಗುತ್ತದೆ, ಒಪ್ಪಿಕೊಂಡೇ ಹಚ್ಚಿಸಬೇಕು. ಹಾಲುಹಲ್ಲನ್ನು ಅವಧಿಗೆ ಮುಂಚೆ ಕೀಳಿಸಿದರೆ ಪಕ್ಕದವು ಸರಿದು, ಕೆಳಗಿನಿಂದ ಬರುವ ಹಲ್ಲಿಗೆ ಜಾಗವಿಲ್ಲದೆ ಅದು ಅಡ್ಡಾದಿಡ್ಡಿ ಹುಟ್ಟುತ್ತದೆ.

ಎಲ್ಲಿ ತೋರಿಸುವುದು?

ತಾಲ್ಲೂಕು ಆಸ್ಪತ್ರೆಯಲ್ಲಿ ಕೀಳುವುದು, ಫಿಲ್ಲಿಂಗ್, ಕ್ಲೀನಿಂಗ್ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ರೂಟ್ ಕೆನಾಲ್, ಕ್ಯಾಪ್ ಎಲ್ಲ ಕಡೆ ಇರುವುದಿಲ್ಲ. ಅದಕ್ಕೆ ದಂತ ವೈದ್ಯಕೀಯ ಕಾಲೇಜು ಒಳ್ಳೆಯದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಹಾಗೆಯೇ ಮಣಿಪಾಲ, ಧಾರವಾಡ, ದಾವಣಗೆರೆ, ಬೆಳಗಾವಿ, ಮಂಗಳೂರಿನಲ್ಲೂ ಕಾಲೇಜುಗಳಿವೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಹಂತಹಂತಕ್ಕೂ ಬಂದು ಬಗ್ಗಿ ನೋಡುತ್ತಾರೆ. ನನ್ನ ಅನುಭವದಲ್ಲಿ ಕೆಲಸ ಅಚ್ಚುಕಟ್ಟು, ಹೊತ್ತು ಮಾತ್ರ ವಿಪರೀತ. ಬೆಳಿಗ್ಗೆ ಚೀಟಿ ಮಾಡಿಸಿದರೆ ಮಧ್ಯಾಹ್ನದ ಊಟದ ಆಸೆ ಬಿಡಬೇಕು. ರಜೆ ಸಿಗುವವರಿಗೆ ಕಾಲೇಜು, ದಿನಗೂಲಿ ಕಳೆದುಕೊಳ್ಳುವವರಿಗೆ ಹತ್ತಿರದ ಕ್ಲಿನಿಕ್ಕೇ ಲೆಕ್ಕದಲ್ಲಿ ಅಗ್ಗವಾಗಬಹುದು. ಕ್ಲಿನಿಕ್ಕಿನಲ್ಲಿ ಒಂದೇ ಭೇಟಿಯಲ್ಲಿ ಐದಾರು ಹಲ್ಲಿಗೆ ರೂಟ್ ಕೆನಾಲ್ ಎಂದರೆ ಎಕ್ಸ್-ರೇ ತೆಗೆದುಕೊಂಡು ಇನ್ನೊಬ್ಬರಿಗೆ ತೋರಿಸಿ.

ಆಯ್ಕೆಯೇ ಇಲ್ಲದ ಸಂದರ್ಭಗಳೂ ಇವೆ. ದವಡೆಯ ಕೆಳಗೆ ಕತ್ತಿನ ಕಡೆ ಬಾವು ಇಳಿದು, ಜ್ವರ ಬಂದು, ಎಂಜಲು ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ, ಉಸಿರಿನ ದಾರಿ ಕಟ್ಟಬಹುದು. ಕೆನ್ನೆಯ ಬಾವಿಗೆ ಹೊರಗಿನಿಂದ ಬಿಸಿ ಶಾಖವೂ ಬೇಡ. ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ಓಡಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದ್ದರೆ, ನೋವಿಲ್ಲದಿದ್ದರೂ ತೋರಿಸಿ. ಎಲೆ ಅಡಿಕೆ, ಗುಟ್ಕಾ ಹಾಕುವವರು ಕನ್ನಡಿ ಮುಂದೆ ನಿಂತು ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಿ ನೋಡಿ. ಮೂರೂ ಹೋಗದಿದ್ದರೆ ಕೆನ್ನೆಯ ಒಳಪದರ ಬಿಗಿಯುತ್ತಿರಬಹುದು, ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆದು ಬದುಕುವ ನಮ್ಮ ಜಿಲ್ಲೆಯಲ್ಲಿ ಈ ಮಾತು ಎತ್ತಿದರೆ ಮುಖ ತಿರುಗಿಸುವವರೇ ಹೆಚ್ಚು. ನಾನೂ ಊಟದ ಮೇಲೆ ಒಂದು ಚೂರು ಹಾಕುತ್ತಿದ್ದವನೇ, ಹಲ್ಲು ಮುರಿದ ಮೇಲೆ ಬಿಟ್ಟೆ.

ನನ್ನ ಆ ಖಾಲಿ ಜಾಗಕ್ಕೆ ಪಕ್ಕದ ಎರಡೂ ಹಲ್ಲು ಚೆನ್ನಾಗಿದ್ದುದರಿಂದ ಬ್ರಿಡ್ಜ್ ಬೇಡವೆಂದು ಇಂಪ್ಲಾಂಟಿಗೆ ಒಪ್ಪಿದೆ. ತಿರುಪು ಕೂರಿಸಿ ಎರಡು ತಿಂಗಳಾಯಿತು, ಮೂಳೆ ಬೆಸೆದ ಮೇಲೆ ಹಲ್ಲು. ಈ ಸಲದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಅಲ್ಲಿಯವರೆಗೆ ನಿಪ್ಪಟ್ಟು ಬಲಗಡೆ.